ಗೋಡೆಗೆ ಹೊಡೆದ ಔಷಧಿ

ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಸರಕಾರಿ ಕಾಗದಪತ್ರಗಳಲ್ಲಿ ಅದರ ಹೆಸರು ಕೆನರಾ. ಆ ಹೆಸರಿನ ಬೆನ್ನಿಗೇ ಎರಡು ಸಂಗತಿಗಳು ನೆನಪಾಗುತ್ತಿದ್ದವು: ಒಂದು ಅಲ್ಲಿಯ ಕಾಡು, ಇನ್ನೊಂದು ಅಲ್ಲಿಯ ಜ್ವರ. ಘಟ್ಟದ ಮೇಲಿನ ಸೂಪಾ, ಹಳಿಯಾಳ, ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಗಳಲ್ಲಿ ಚಳಿಜ್ವರವು ಮಳೆ, ಬಿಸಿಲುಗಳ ಹಾಗೆ ವರ್ಷದ ಒಂದು ಭಾಗವೇ ಆಗಿತ್ತು. ಮಲೇರಿಯಾ ಸಂಶೋಧಕರು ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ, ಊದಿದ ಗುಲ್ಮ ಕೈಗೆ ಸಿಗುತ್ತದೆಯೇ ಎಂದು ನೋಡುತ್ತಿದ್ದರು. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಹಾಗಾಗಿದೆ ಎಂಬುದೇ ಆ ಊರಿನ ಜ್ವರದ ಅಳತೆ.

ಈ ಜಿಲ್ಲೆಗೆ ಎರಡನೆಯ ಮಹಾಯುದ್ಧ ಮುಗಿದೊಡನೆ ಒಂದು ಬಿಳಿಯ ಪುಡಿ ಬಂತು. ಮುಂಬಯಿ ಪ್ರಾಂತ್ಯದ ಮಲೇರಿಯಾ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಅವರು ಕೆನರಾ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿಡಿಟಿ ಸಿಂಪಡಿಸಿ ಪರೀಕ್ಷಿಸಿದರು. ಮೊದಲ ವರ್ಷದ ಫಲಿತಾಂಶವು 1947ರಲ್ಲಿ ಪ್ರಕಟವಾಯಿತು. ಮಲೆನಾಡಿನ ಜ್ವರವನ್ನು ಹರಡುವ ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್, ಬೆಟ್ಟದ ಬುಡದಲ್ಲಿ ನಿಧಾನವಾಗಿ ಹರಿಯುವ ತೊರೆಗಳಲ್ಲಿ ಮೊಟ್ಟೆಯಿಡುವಂಥದ್ದು. ಘಟ್ಟದ ಸೆರಗಿನ ಅಷ್ಟೂ ತೊರೆಗಳಿಗೆ ಎಣ್ಣೆ ಸುರಿದು ಮರಿಗಳನ್ನು ಕೊಲ್ಲುವುದು ಆಗದ ಮಾತು. ಆದರೆ ಮನುಷ್ಯನ ರಕ್ತ ಹೀರಿದ ಸೊಳ್ಳೆಯು ಭಾರವಾಗಿ ಅದೇ ಮನೆಯ ಗೋಡೆಯ ಮೇಲೆ ಕೂತು ವಿರಮಿಸುತ್ತದೆ. ಆ ಗೋಡೆಯೇ ವಿಷವಾದರೆ? ತೊರೆಯ ಯುದ್ಧವನ್ನು ಬಿಟ್ಟು ಗೋಡೆಯ ಯುದ್ಧವನ್ನು ಹಿಡಿದ ಈ ಪ್ರಯೋಗವು ಮುಂದೆ ದೇಶಕ್ಕೆಲ್ಲ ದಾರಿ ತೋರಿಸಿದವುಗಳಲ್ಲಿ ಒಂದು.

ಡಿಡಿಟಿ ಹೊಸದಾಗಿ ಹುಟ್ಟಿದ ವಸ್ತುವೇನಲ್ಲ. 1874ರಲ್ಲಿಯೇ ಓಟ್ಮಾರ್ ಜೈಡ್ಲರ್ ಎಂಬ ರಸಾಯನ ವಿದ್ಯಾರ್ಥಿ ಅದನ್ನು ತಯಾರಿಸಿದ್ದ. ಅದರ ಗುಣವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಪೌಲ್ ಮ್ಯೂಲರ್ 1939ರಲ್ಲಿ ಅದು ಕೀಟಗಳನ್ನು ಕೊಲ್ಲುವುದನ್ನು ಕಂಡುಹಿಡಿದ. ಅವನು ಹುಡುಕುತ್ತಿದ್ದುದು ಅಗ್ಗವಾದ, ಮುಟ್ಟಿದೊಡನೆ ಕೀಟಕ್ಕೆ ತಾಗುವ, ಬೆಚ್ಚನೆಯ ರಕ್ತದ ಪ್ರಾಣಿಗಳಿಗೆ ಹೆಚ್ಚು ತೊಂದರೆ ಕೊಡದ, ಎಲ್ಲಕ್ಕಿಂತ ಮಿಗಿಲಾಗಿ ಬಹಳ ದಿನ ಉಳಿಯುವ ವಿಷವನ್ನು. ಅದಕ್ಕೆ ಹಿಂದೆ ಬಳಸುತ್ತಿದ್ದ ಪೈರೆಥ್ರಮ್ ಎಂಬ ಹೂವಿನ ಸಾರವು ಬೆಳಕಿಗೆ ಬಿದ್ದರೆ ಬೇಗನೆ ಸತ್ವ ಕಳೆದುಕೊಳ್ಳುತ್ತಿತ್ತು. ಮತ್ತೆ ಮತ್ತೆ ಹೊಡೆಯಬೇಕಾಗುತ್ತಿತ್ತು. ಡಿಡಿಟಿಯನ್ನಾದರೋ ಗೋಡೆಯ ಚದರ ಮೀಟರಿಗೆ ಒಂದು ಗ್ರಾಮಿನಂತೆ ಹಚ್ಚಿದರೆ ತಿಂಗಳುಗಟ್ಟಲೆ ಸಾಕು. ವರ್ಷಕ್ಕೆ ಎರಡು ಸುತ್ತು ಹೊಡೆದರೆ ಜ್ವರದ ಕಾಲ ದಾಟುತ್ತದೆ. ಮ್ಯೂಲರನಿಗೆ 1948ರ ನೊಬೆಲ್ ಬಹುಮಾನ ಸಂದಿತು, ವೈದ್ಯಶಾಸ್ತ್ರದ ವಿಭಾಗದಲ್ಲಿ.

ಆ ಗೌರವವನ್ನು ಇಂದು ಹಳಿಯುವುದು ಸುಲಭ. ಆದರೆ ಅಂಕಿಗಳನ್ನು ನೋಡದೆ ಹಳಿಯುವುದು ನ್ಯಾಯವಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಅದರಿಂದ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ‘ನಿಯಂತ್ರಣ’ದ ಜಾಗಕ್ಕೆ ‘ನಿರ್ಮೂಲನ’ ಎಂಬ ಶಬ್ದ ಬಂತು. ಡಿಡಿಟಿ ತಯಾರಿಸಲೆಂದೇ 1954ರಲ್ಲಿ ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್ ಎಂಬ ಸರಕಾರಿ ಕಂಪನಿ ಹುಟ್ಟಿತು, ದೆಹಲಿಯಲ್ಲಿ ಅದರ ಕಾರ್ಖಾನೆ ಎದ್ದಿತು. 1965ರ ಹೊತ್ತಿಗೆ ದೇಶದಲ್ಲಿ ದಾಖಲಾದ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಕೆನರಾದ ತಾಯಿಯೊಬ್ಬಳಿಗೆ ಇದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಗೋಡೆಯ ಮೇಲೆ ಗೆದ್ದ ವಿಷವು ಗೋಡೆಯ ಮೇಲೆಯೇ ನಿಲ್ಲಲಿಲ್ಲ. ಡಿಡಿಟಿಯೂ ಅದರ ಬಳಗದ ಬಿಎಚ್‌ಸಿ, ಆಲ್ಡ್ರಿನ್, ಡೀಲ್ಡ್ರಿನ್, ಎಂಡ್ರಿನ್, ಹೆಪ್ಟಕ್ಲೋರ್, ಕ್ಲೋರ್ಡೇನ್, ಎಂಡೋಸಲ್ಫಾನ್‌ಗಳೂ ಹೊಲಗದ್ದೆಗೆ ಇಳಿದವು. ಇಂಗಾಲದ ಕಣಕ್ಕೆ ಕ್ಲೋರಿನ್ ಬಿಗಿದ ಈ ಕುಟುಂಬಕ್ಕೆ ಆರ್ಗನೋಕ್ಲೋರಿನ್ ಎಂದು ಹೆಸರು. ಬಿಎಚ್‌ಸಿ ನಮ್ಮ ಹಳ್ಳಿಗಳಲ್ಲಿ ‘ಗೆಮಾಕ್ಸಿನ್ ಪುಡಿ’ಯಾಯಿತು, ಇರುವೆ, ಗೆದ್ದಲು, ಹೇನು ಯಾವುದಕ್ಕಾದರೂ ಆಗುವ ಪುಡಿ. ಎಂಡ್ರಿನ್ ಎಂಬುದು ಪತ್ರಿಕೆಗಳ ಆತ್ಮಹತ್ಯೆಯ ಸುದ್ದಿಗಳಿಂದ ಎಲ್ಲರಿಗೂ ತಿಳಿದ ಶಬ್ದವಾಯಿತು. ಆದರೂ ಗದ್ದೆಗೆ ಹೊಡೆಯುವಾಗ ನಮ್ಮ ರೈತರು ಇವನ್ನು ಕರೆದದ್ದು ‘ಔಷಧಿ’ ಎಂದು. ಒಂದೇ ಡಬ್ಬಿಯಲ್ಲಿದ್ದುದು ಬೆಳೆಗೆ ಔಷಧಿ, ಕುಡಿದವನಿಗೆ ವಿಷ. ಈ ಎರಡರ ನಡುವೆ ಮೂರನೆಯದೊಂದು ಸ್ಥಿತಿಯಿದೆ ಎಂಬುದಕ್ಕೆ, ಅಂದರೆ ಕುಡಿಯದವನ ಮೈಯಲ್ಲಿಯೂ ಹನಿಹನಿಯಾಗಿ ಸೇರುವ ವಿಷಕ್ಕೆ, ಭಾಷೆಯಲ್ಲಿ ಹೆಸರಿರಲಿಲ್ಲ. ಕಾನೂನಿನಲ್ಲಿಯೂ ಇರಲಿಲ್ಲ.

ಕಾನೂನು ಹುಟ್ಟಿದ ಕತೆಯೇ ಇದಕ್ಕೆ ಸಾಕ್ಷಿ. 1958ರಲ್ಲಿ ಮುಂಬಯಿಯಿಂದ ಕೊಚ್ಚಿಗೆ ಹೋದ ಹಡಗಿನಲ್ಲಿ ಗೋಧಿಹಿಟ್ಟಿನ ಚೀಲಗಳ ಜೊತೆಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ಸಾಗಿಸಲಾಗಿತ್ತು. ಅದು ಸೋರಿ ಹಿಟ್ಟಿಗೆ ಬೆರೆಯಿತು. ಕೇರಳದಲ್ಲಿ ಆ ಹಿಟ್ಟನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣಾ ಆಯೋಗ ಕೂತಿತು. ಹತ್ತು ವರ್ಷಗಳ ಬಳಿಕ, 1968ರಲ್ಲಿ, ಕೀಟನಾಶಕಗಳ ಅಧಿನಿಯಮ ಬಂತು. 1971ರಲ್ಲಿ ಅದರ ನಿಯಮಗಳು ಬಂದವು. ಪ್ಯಾರಾಥಿಯಾನ್ ಬೇರೆ ಕುಲದ ವಿಷ, ಗಂಟೆಗಳಲ್ಲಿ ಕೊಲ್ಲುವಂಥದ್ದು. ಅಂಥ ಸಾವಿನಿಂದ ಹುಟ್ಟಿದ ಕಾನೂನು ವಿಷವನ್ನು ಅಳೆದದ್ದೂ ಅದೇ ಅಳತೆಗೋಲಿನಿಂದ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣದ ಗುರುತುಗಳನ್ನು ಇಂದಿಗೂ ಕಾಣುತ್ತೇವೆ. ಎಷ್ಟು ಪ್ರಮಾಣ ಕೊಟ್ಟರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬುದೇ ಆ ಬಣ್ಣಕ್ಕೆ ಆಧಾರ. ಅದು ಮಣ್ಣಿನಲ್ಲಿ ಎಷ್ಟು ವರ್ಷ ಉಳಿಯುತ್ತದೆ, ಯಾರ ಮೈಯನ್ನು ಸೇರುತ್ತದೆ ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ.

ಆರ್ಗನೋಕ್ಲೋರಿನ್‌ಗಳ ಅಪಾಯವಿರುವುದು ಈ ಹೇಳದ ಮಾತಿನಲ್ಲಿಯೇ. ಅವು ನೀರಿನಲ್ಲಿ ಕರಗುವುದು ತೀರ ಕಡಿಮೆ, ಕೊಬ್ಬಿನಲ್ಲಿ ಹೆಚ್ಚು. ಆದ್ದರಿಂದ ಮೂತ್ರದಲ್ಲಿ ಹೊರಹೋಗದೆ ದೇಹದ ಕೊಬ್ಬಿನಲ್ಲಿ ಕೂಡುತ್ತವೆ. ಹುಳುವಿನಲ್ಲಿ ಇಷ್ಟು, ಹುಳು ತಿಂದ ಮೀನಿನಲ್ಲಿ ಅದಕ್ಕಿಂತ ಹೆಚ್ಚು, ಮೀನು ತಿಂದ ಹಕ್ಕಿಯಲ್ಲಿ ಇನ್ನೂ ಹೆಚ್ಚು. ಡಿಡಿಟಿ ಒಡೆದು ಆಗುವ ಡಿಡಿಇ ಎಂಬ ವಸ್ತುವಿನಿಂದ ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ಹಳೆಯ ಮತ್ತು ಹೊಸ ಮೊಟ್ಟೆಗಳನ್ನು ಹೋಲಿಸಿ ಚಿಪ್ಪು ತೆಳುವಾದುದನ್ನು ತೋರಿಸಿದರು. ಮನುಷ್ಯರಲ್ಲಿ ಈ ಕೊಬ್ಬು ಹೊರಹರಿಯುವ ದಾರಿಗಳಲ್ಲಿ ಒಂದು ತಾಯಿಯ ಎದೆಹಾಲು. ಅಮೆರಿಕದ ತಾಯಂದಿರ ಹಾಲಿನಲ್ಲಿ ಡಿಡಿಟಿ ಇರುವುದು 1951ರಲ್ಲಿಯೇ ವರದಿಯಾಗಿತ್ತು, ಎಂದರೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗುವುದಕ್ಕೆ ಎರಡು ವರ್ಷ ಮೊದಲು.

ಮೈಯಲ್ಲಿ ಇದ್ದ ಮಾತ್ರಕ್ಕೆ ರೋಗವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸಿಗಲು ಒಂದು ತಲೆಮಾರು ಬೇಕಾಯಿತು. ಕ್ಯಾಲಿಫೋರ್ನಿಯದಲ್ಲಿ 1959ರಿಂದ 1967ರವರೆಗೆ ಬಸುರಿಯರಿಂದ, ಬಾಣಂತಿಯರಿಂದ ಪಡೆದ ರಕ್ತವನ್ನು ಕೆಡದಂತೆ ಕಾಯ್ದಿಟ್ಟಿದ್ದರು. ಆ ಹೆಂಗಸರಲ್ಲಿ ಯಾರಿಗೆ ಮುಂದೆ ಸ್ತನದ ಕ್ಯಾನ್ಸರ್ ಬಂತೆಂದು ನೋಡಿದ ಬಾರ್ಬರಾ ಕೋನ್ ಮತ್ತು ಸಂಗಡಿಗರ ಅಧ್ಯಯನ 2007ರಲ್ಲಿ ಹೊರಬಂತು. ಹದಿನಾಲ್ಕು ವರ್ಷ ತುಂಬುವ ಮೊದಲು ಡಿಡಿಟಿಗೆ ಒಡ್ಡಿಕೊಂಡು, ರಕ್ತದಲ್ಲಿ ಅದರ ಮಟ್ಟ ಹೆಚ್ಚಾಗಿದ್ದವರಲ್ಲಿ ಈ ಅಪಾಯ ಐದು ಪಟ್ಟು ಎಂದು ಅದು ಹೇಳಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಲಿಂಡೇನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೂ, ಡಿಡಿಟಿಯನ್ನು ಬಹುಶಃ ತರುವ ವಸ್ತುಗಳ ಪಟ್ಟಿಗೂ ಸೇರಿಸಿತು.

ಇತ್ತ ಸೊಳ್ಳೆಯೂ ಸುಮ್ಮನೆ ಕೂತಿರಲಿಲ್ಲ. ಬಯಲುಸೀಮೆಯ ಮುಖ್ಯ ಮಲೇರಿಯಾ ಸೊಳ್ಳೆಯಾದ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ಡಿಡಿಟಿಗೆ ಜಗ್ಗದಿರುವುದು 1959ರಲ್ಲಿಯೇ ಗುಜರಾತಿನಲ್ಲಿ ಕಂಡಿತ್ತು. ಗದ್ದೆಯಿಂದ ಹರಿದುಬಂದ ವಿಷದ ನೀರಿನಲ್ಲಿಯೇ ಮರಿಯಾಗಿ ಬೆಳೆದ ಸೊಳ್ಳೆಗೆ ಗೋಡೆಯ ವಿಷವು ಹೊಸದೆನಿಸಲಿಲ್ಲ. ಕಾರ್ಯಕ್ರಮದ ಸಡಿಲಿಕೆ, ಹಣದ ಕೊರತೆಗಳೂ ಕೂಡಿಕೊಂಡು 1976ರಲ್ಲಿ ಪ್ರಕರಣಗಳ ಸಂಖ್ಯೆ 64 ಲಕ್ಷವನ್ನು ದಾಟಿತು. ಹೊಲದಲ್ಲಿ ಅದನ್ನು ಮನಸೋ ಇಚ್ಛೆ ಬಳಸಿದ್ದು ಮನೆಯೊಳಗಿನ ಅದರ ಉಪಯೋಗವನ್ನೇ ಕೆಡಿಸಿತು.

ಅಮೆರಿಕವು ಬೇಸಾಯದಲ್ಲಿ ಡಿಡಿಟಿಯನ್ನು 1972ರಲ್ಲಿ ನಿಷೇಧಿಸಿತು. ಭಾರತವು ಅದನ್ನು ಬೇಸಾಯದಿಂದ ಹೊರಗಿಟ್ಟದ್ದು 1989ರಲ್ಲಿ. ಬಿಎಚ್‌ಸಿಗೆ ನಿಷೇಧ ಬಂದದ್ದು 1997ರಲ್ಲಿ. ಒಂದೊಂದು ಹೆಸರಿಗೂ ಬೇರೆ ಬೇರೆ ಸಮಿತಿ, ಬೇರೆ ಬೇರೆ ಆದೇಶ. ಒಂದನ್ನು ತೆಗೆದಾಗ ಅದೇ ಕುಟುಂಬದ ಇನ್ನೊಂದು, ‘ಇದು ಅದರಷ್ಟು ಕೆಟ್ಟದ್ದಲ್ಲ’ ಎಂಬ ಶಿಫಾರಸಿನೊಂದಿಗೆ ಅದರ ಜಾಗಕ್ಕೆ ಬರುತ್ತಿತ್ತು.

ಎಂಡೋಸಲ್ಫಾನ್ ಹಾಗೆ ಉಳಿದುಕೊಂಡದ್ದು. ಜೇನುಹುಳಕ್ಕೆ ಅದರಿಂದ ಅಪಾಯ ಕಡಿಮೆ, ಡಿಡಿಟಿಗಿಂತ ಬೇಗ ಒಡೆಯುತ್ತದೆ ಎಂಬ ಹೆಸರು ಅದಕ್ಕಿತ್ತು. ಅದು ಒಡೆದು ಆಗುವ ಸಲ್ಫೇಟ್ ಮಾತ್ರ ಬೇಗ ಹೋಗುವಂಥದ್ದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ಸರಕಾರಿ ತೋಟ ನಿಗಮದ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಗೇರುಮರಗಳಿದ್ದುದು ಗುಡ್ಡದ ನೆತ್ತಿಯಲ್ಲಿ. ಮನೆಗಳು, ತೊರೆಗಳು, ಕುಡಿಯುವ ನೀರಿನ ಸುರಂಗಗಳು ಇದ್ದುದು ಕಣಿವೆಯಲ್ಲಿ. ಎಣ್ಮಕಜೆ, ಪಡ್ರೆ, ಸ್ವರ್ಗ ಕನ್ನಡ, ತುಳು ಮಾತಾಡುವ ಊರುಗಳು. ಅಲ್ಲಿ ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿರುವುದನ್ನು ಕಂಡು 1979ರಷ್ಟು ಹಿಂದೆಯೇ ಬರೆದವರು ಕನ್ನಡದ ಕೃಷಿ ಪತ್ರಕರ್ತ ಶ್ರೀ ಪಡ್ರೆ. ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳು ಹೆಚ್ಚಾಗಿರುವುದನ್ನು ಆಮೇಲೆ ಗುರುತಿಸಿದವರು ಅದೇ ಸೀಮೆಯ ವೈದ್ಯ ಮೋಹನ ಕುಮಾರ್. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ ಸೀಮೆಯ ಗೇರುತೋಟಗಳ ಸುತ್ತಲೂ ಇದೇ ಗೋಳು. ಸಮಿತಿಗಳು ಒಂದರ ಮೇಲೊಂದು ಬಂದವು. ಸಂಬಂಧ ಸಾಬೀತಾಗಿಲ್ಲ ಎಂದವೂ ಇದ್ದವು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನವು, ಸಿಂಪಡಣೆಯಿದ್ದ ಹಳ್ಳಿಯ ಗಂಡುಮಕ್ಕಳಲ್ಲಿ ಪ್ರಾಯದ ಬೆಳವಣಿಗೆ ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿತು. ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದರ ತಯಾರಿಕೆ, ಮಾರಾಟಗಳನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಹೇಳಿದ್ದು 2017ರಲ್ಲಿ. ಮೊದಲ ಕರುವಿನಿಂದ ತಡೆಯಾಜ್ಞೆಗೆ ಮೂವತ್ತೆರಡು ವರ್ಷ. ಒಂದೇ ದಿನ ಒಂದೇ ಹಡಗಿನ ಹಿಟ್ಟಿನಿಂದ ಆದ ಸಾವಾಗಿದ್ದರೆ ಇಷ್ಟು ಕಾಯಬೇಕಾಗುತ್ತಿರಲಿಲ್ಲವೇನೋ.

ನಡುವೆ ಒಂದು ಮಹತ್ವದ ಬದಲಾವಣೆಯಾಗಿತ್ತು. 2001ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅಂಗೀಕೃತವಾಯಿತು. 2004ರಲ್ಲಿ ಜಾರಿಗೆ ಬಂತು. 2006ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ಮೊದಲ ಪಟ್ಟಿಯ ಹನ್ನೆರಡು ವಸ್ತುಗಳಲ್ಲಿ ಹೆಚ್ಚಿನವು ಈ ಕುಟುಂಬದ ಕೀಟನಾಶಕಗಳೇ. ಹೊಸ ವಸ್ತುವನ್ನು ಪಟ್ಟಿಗೆ ಸೇರಿಸುವಾಗ ಈ ಒಪ್ಪಂದವು ಮೊದಲಿಗೆ ಕೇಳುವ ಪ್ರಶ್ನೆಗಳಲ್ಲಿ ಒಂದು, ‘ಇದು ಎಷ್ಟು ಕಾಲ ಉಳಿಯುತ್ತದೆ?’ ಎಂಬುದು. ನೀರಿನಲ್ಲಿ ಅರ್ಧದಷ್ಟು ಕರಗಿಹೋಗಲು ಎರಡು ತಿಂಗಳಿಗಿಂತ ಹೆಚ್ಚು, ಮಣ್ಣಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಬೇಕಾದರೆ ಅದು ಚಿರಕಾಲ ಉಳಿಯುವ ವಸ್ತು. ಅದರೊಡನೆ, ಪ್ರಾಣಿಗಳ ಮೈಯಲ್ಲಿ ಕೂಡುತ್ತದೆಯೇ, ದೂರದೇಶಕ್ಕೆ ಸಾಗುತ್ತದೆಯೇ, ಕೇಡು ಮಾಡುತ್ತದೆಯೇ ಎಂಬ ಪ್ರಶ್ನೆಗಳು. ನಮ್ಮ 1971ರ ನಾಲ್ಕು ಬಣ್ಣಗಳು ಕೇಳದೆ ಬಿಟ್ಟ ಪ್ರಶ್ನೆಗಳಿವು.

ಡಿಡಿಟಿಗೆ ಮಾತ್ರ ಆ ಒಪ್ಪಂದವು ಒಂದು ಬಾಗಿಲನ್ನು ತೆರೆದಿಟ್ಟಿತು. ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ, ಮನೆಯ ಒಳಗೋಡೆಗೆ, ಬೇರೆ ಉಪಾಯ ಸುಲಭವಾಗಿ ಒದಗದ ಕಡೆ ಅದನ್ನು ಬಳಸಬಹುದು. ಹೀಗೆ ಜಗತ್ತಿನ ಉಳಿದ ದೇಶಗಳು ನಿಲ್ಲಿಸಿದ ಮೇಲೆಯೂ ಅದನ್ನು ತಯಾರಿಸುತ್ತ ಬಂದ ದೇಶ ಭಾರತ. ಇದನ್ನು ಬರಿಯ ಹಟವೆನ್ನುವಂತಿಲ್ಲ, ಜ್ವರದ ಮಕ್ಕಳ ಲೆಕ್ಕ ಅದರ ಹಿಂದಿದೆ. ಬರಿಯ ಕರುಣೆಯೆನ್ನುವಂತೆಯೂ ಇಲ್ಲ, ಎದೆಹಾಲಿನ ಲೆಕ್ಕ ಅದರ ಮುಂದಿದೆ. ಕೆನರಾದ ಗೋಡೆಗಳಿಗೆ ಆ ಪುಡಿಯನ್ನು ಹೊಡೆದವರು ಆರು ತಿಂಗಳು ಉಳಿಯಲಿ ಎಂದು ಬಯಸಿದ್ದರು. ಅವರ ಬಯಕೆ ತಪ್ಪಾಗಿರಲಿಲ್ಲ. ಉಳಿಯುವ ವಸ್ತುವು ನಮ್ಮ ಬಯಕೆಯ ಗಡುವು ಮುಗಿದ ಮೇಲೆಯೂ ಉಳಿಯುತ್ತದೆ ಎಂಬುದನ್ನು ಕಾನೂನಿನ ಭಾಷೆಗೆ ತರಲು ನಾವು ಐವತ್ತು ವರ್ಷ ತೆಗೆದುಕೊಂಡೆವು. ಆ ಐವತ್ತು ವರ್ಷಗಳ ಬೆಲೆಯನ್ನು ತೆತ್ತವರು ಎಣ್ಮಕಜೆಯ, ಕೊಕ್ಕಡದ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೆಲವರ ಆರೈಕೆಗೆ ತಾಯಿಯೊಬ್ಬಳೇ ಇದ್ದಾಳೆ, ಅವಳಿಗೂ ವಯಸ್ಸಾಗುತ್ತಿದೆ.