ಏಡಿಯ ಮರಿಗೆ ಬೇರೆ ಹೆಸರು

ಕರು ಹಸುವನ್ನು ಹೋಲುತ್ತದೆ. ಬೆಕ್ಕಿನ ಮರಿ ಬೆಕ್ಕಿನಂತೆಯೇ ಇರುತ್ತದೆ. ಏಡಿಯ ಮರಿಯೂ ಏಡಿಯಂತೆಯೇ ಇದ್ದೀತೆಂದು ಭಾವಿಸುವುದು ಸಹಜ. ಇನ್ನೂರು ವರ್ಷಗಳ ಹಿಂದೆ ಯುರೋಪಿನ ಪ್ರಾಣಿಶಾಸ್ತ್ರಜ್ಞರಲ್ಲಿ ಅನೇಕರು ಭಾವಿಸಿದ್ದುದೂ ಹೀಗೆಯೇ.

ಆದರೆ ಕಡಲಿನ ನೀರನ್ನು ಸೋಸಿದಾಗ ಅವರಿಗೆ ಎಷ್ಟೋ ವಿಚಿತ್ರ ಜೀವಿಗಳು ಸಿಗುತ್ತಿದ್ದುವು. ಒಂದಕ್ಕೆ ದೊಡ್ಡ ಕಣ್ಣುಗಳು, ಬೆನ್ನ ಮೇಲೆ ನೀಳವಾದ ಮುಳ್ಳು, ಹಿಂದೆ ಬಾಲ. ಫ್ರಾನ್ಸಿನ ಬಾಸ್ಕ್ ಎಂಬಾತನು 1802ರಲ್ಲಿ ಇದಕ್ಕೆ ‘ಜೋಇಯ’ ಎಂದು ಹೆಸರಿಟ್ಟು, ಬೇರೆಯೇ ಒಂದು ಕುಲವೆಂದು ಬರೆದಿಟ್ಟನು. ಇನ್ನೊಂದು ಎಲೆಯಂತೆ ಚಪ್ಪಟೆ, ಗಾಜಿನಂತೆ ಪಾರದರ್ಶಕ, ಕಾಲುಗಳೋ ಜೇಡನವು. ಅದು ‘ಫಿಲ್ಲೊಸೋಮ’, ಎಂದರೆ ‘ಎಲೆಯೊಡಲು’ ಎನಿಸಿಕೊಂಡಿತು. ಒಂಟಿಗಣ್ಣಿನ, ಮೂರೇ ಜೊತೆ ಅವಯವಗಳ ಮತ್ತೊಂದಕ್ಕೆ ‘ನಾಪ್ಲಿಯಸ್’ ಎಂಬ ಹೆಸರು ಅದಕ್ಕೂ ಮೊದಲೇ ಬಂದಿದ್ದಿತು. ಇವೆಲ್ಲವೂ ಮರಿಗಳು, ಇವುಗಳ ತಾಯಿತಂದೆಗಳು ಬೇರೆ ಹೆಸರಿನಿಂದ ಆಗಲೇ ಪರಿಚಿತರು ಎಂಬುದು ಹೆಸರಿಟ್ಟವರಿಗೆ ಹೊಳೆಯಲಿಲ್ಲ.

ಈ ಗಂಟನ್ನು ಬಿಡಿಸಿದವನು ಪ್ರಾಧ್ಯಾಪಕನಲ್ಲ, ಸೈನ್ಯದ ವೈದ್ಯ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಕೆಲಸದಲ್ಲಿದ್ದ ಜಾನ್ ವಾನ್ ಥಾಮ್ಸನ್ ಬಿಡುವಿನಲ್ಲಿ ಸಮುದ್ರಜೀವಿಗಳನ್ನು ಹಿಡಿದು, ಸಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದನು. ಅವನು ಏಡಿಯ ಮೊಟ್ಟೆಗಳನ್ನು ನೀರಿನಲ್ಲಿಟ್ಟು ಕಾದನು. ಮೊಟ್ಟೆಯೊಡೆದು ಬಂದದ್ದು ಏಡಿಯಲ್ಲ, ಜೋಇಯ! ಈ ಸಂಗತಿಯನ್ನು 1828ರಲ್ಲಿ ಪ್ರಕಟಿಸಿದನು. ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬೆಳೆಯುವ ಬಾರ್ನಕಲ್‌ಗಳನ್ನು ಮಹಾವಿದ್ವಾಂಸನಾದ ಕುವ್ಯೇ ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದನಷ್ಟೆ. ಅವುಗಳ ಈಜಾಡುವ ಮರಿಗಳನ್ನು ಕಂಡ ಥಾಮ್ಸನ್, ಅವು ಏಡಿ ಸೀಗಡಿಗಳ ಬಂಧುಗಳೆಂದು 1830ರಲ್ಲಿ ತೋರಿಸಿಕೊಟ್ಟನು.

ಪಂಡಿತರು ಸುಲಭವಾಗಿ ಒಪ್ಪಲಿಲ್ಲ. ಜರ್ಮನಿಯ ರಾಟ್ಕೆ ಸಿಹಿನೀರಿನ ಕ್ರೇಫಿಶ್‌ನ ಮೊಟ್ಟೆಗಳನ್ನು ಬಹು ಎಚ್ಚರದಿಂದ ನೋಡಿದ್ದನು. ಅದರ ಮರಿ ತಾಯಿಯಂತೆಯೇ ಹುಟ್ಟುತ್ತದೆ. ಇಂಗ್ಲೆಂಡಿನ ವೆಸ್ಟ್‌ವುಡ್ 1835ರಲ್ಲಿ ನೆಲದ ಏಡಿಯೊಂದರ ಮರಿಗಳನ್ನು ಮುಂದಿಟ್ಟು, ರೂಪಾಂತರದ ಮಾತೇ ಸುಳ್ಳೆಂದು ವಾದಿಸಿದನು. ಇವರು ಕಂಡದ್ದು ಸುಳ್ಳಲ್ಲ. ಒಂದೆರಡು ಪ್ರಾಣಿಗಳಲ್ಲಿ ಕಂಡ ನಿಯಮವನ್ನು ಇಡೀ ವರ್ಗಕ್ಕೆ ಅನ್ವಯಿಸಿದ್ದೇ ತಪ್ಪು. ಅದೇ 1835ರಲ್ಲಿ ಥಾಮ್ಸನ್ ದೂರದ ಸಿಡ್ನಿಗೆ ಕೆಲಸದ ಮೇಲೆ ಹೋದನು. 1847ರಲ್ಲಿ ಅಲ್ಲಿಯೇ ತೀರಿಕೊಂಡನು. ಇತರರೂ ಮೊಟ್ಟೆಗಳನ್ನಿಟ್ಟು ನೋಡಿದಂತೆಲ್ಲ ಅವನ ಮಾತೇ ನಿಂತಿತು.

ಮರಿಗಳಿಗೆ ಇಷ್ಟೊಂದು ವೇಷಗಳೇಕೆ? ತಾಯಿ ಕಡಲಿನ ತಳದಲ್ಲಿ ನಡೆದಾಡುವಂಥದು. ಮರಿ ನೀರಿನಲ್ಲಿ ತೇಲಬೇಕಾದುದು. ಚಪ್ಪಟೆಯಾದ ಒಡಲು ಬೇಗನೆ ಮುಳುಗದು. ಮುಳ್ಳಿದ್ದರೆ ಸಣ್ಣ ಮೀನು ನುಂಗಲು ಹಿಂಜರಿಯುತ್ತದೆ. ಪೊರೆ ಕಳಚುತ್ತ ಕಳಚುತ್ತ ಬೆಳೆದು, ತಕ್ಕ ಕಾಲ ಬಂದಾಗ ಅದು ತಾಯಿಯ ರೂಪಕ್ಕೆ ತಿರುಗುತ್ತದೆ.

ಥಾಮ್ಸನ್ ತನ್ನ ಶೋಧವನ್ನು ಪ್ರಕಟಿಸಿದ 1828ರಲ್ಲಿಯೇ, ಕೊಂಬು ಗುಬುಟುಗಳಿಂದ ಕೂಡಿದ ಇನ್ನೊಂದು ಜೀವಿಗೆ ‘ಸೆರಟಾಸ್ಪಿಸ್ ಮಾನ್‌ಸ್ಟ್ರೋಸ’ ಎಂದು ನಾಮಕರಣವಾಯಿತು. ದೊಡ್ಡ ಮೀನುಗಳ ಹೊಟ್ಟೆಯಲ್ಲಿ ಸಿಗುತ್ತಿದ್ದ ಅದರ ತಾಯಿ ಯಾರೆಂದು ತಿಳಿದದ್ದು 2012ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ. ಅದು ಆಳಗಡಲಿನ ಸೀಗಡಿಯ ಮರಿ. ತಾಯಿಮಕ್ಕಳನ್ನು ಒಂದೆಡೆ ಸೇರಿಸಲು 184 ವರ್ಷಗಳು ಬೇಕಾದುವು.