ಛಾವಣಿಯ ಮೇಲಿನ ಸೋಲಾರ್: ಬೆಂಕಿಯ ಅಪಾಯ ತಪ್ಪಿಸುವುದು ಹೇಗೆ?



ಊರಿನಲ್ಲಿ 'ಸೋಲಾರ್' ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ತಾರಸಿಯ ಮೇಲಿನ ಬಿಸಿನೀರಿನ ಟ್ಯಾಂಕು. ಅದು ಕೆಟ್ಟರೆ ನೀರು ಸೋರುತ್ತದೆ, ಇಲ್ಲವೇ ಬೆಳಗಿನ ಸ್ನಾನಕ್ಕೆ ತಣ್ಣೀರೇ ಗತಿ. ಆದರೆ ಇಲ್ಲಿ ಸ್ಟೌಫ್‌ವಿಲ್, ಮಾರ್ಕಮ್ ಕಡೆಯ ಮನೆಗಳ ಮೇಲೆ ಕಾಣುವ ಸೋಲಾರ್ ಕರೆಂಟು ತಯಾರಿಸುವಂಥದ್ದು. ಅದು ಕೆಟ್ಟರೆ ಆಗುವ ತೊಂದರೆಯೇ ಬೇರೆ. ಊರಿನ ಆರ್‌ಸಿಸಿ ತಾರಸಿ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಇಲ್ಲಿನ ಛಾವಣಿ ಎಂದರೆ ಮರದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ಡಾಂಬರಿನ ಶಿಂಗಲ್. ಅದರ ಕೆಳಗೆ ನಮ್ಮ ಮಕ್ಕಳು ಮಲಗಿರುತ್ತಾರೆ.

ಈ ವಿಷಯವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಗ್ಯಾರೇಜಿನ ಕೆಂಪು ದೀಪ

ನಾವು ಸ್ಟೌಫ್‌ವಿಲ್‌ನಲ್ಲಿ ಕೊಂಡ ಮನೆಯ ಮೇಲೆ ಹಿಂದಿನ ಮಾಲೀಕರು 2012ರಲ್ಲಿ ಹಾಕಿಸಿದ್ದ ಪ್ಯಾನೆಲ್‌ಗಳಿದ್ದವು. ಮನೆಯ ಜೊತೆಗೆ ಅವೂ ಬಂದವು, ತಿಂಗಳಿಗಿಷ್ಟು ಹಣವೂ ಬರತೊಡಗಿತು. ಒಂದು ಅಕ್ಟೋಬರ್‌ನಲ್ಲಿ ಗ್ಯಾರೇಜಿನ ಇನ್ವರ್ಟರ್ ಮೇಲೆ ಬೆಳಗಿನ ಹೊತ್ತು ಕೆಂಪು ದೀಪ ಕಾಣಿಸಿತು. ನಮ್ಮ ಸಾಫ್ಟ್‌ವೇರ್ ಜನರ ಅಭ್ಯಾಸ ಗೊತ್ತಲ್ಲ, ಏನೇ ಕೆಟ್ಟರೂ ಮೊದಲು ಆಫ್ ಮಾಡಿ ಆನ್ ಮಾಡುವುದು! ನಾನೂ ಹಾಗೇ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ದೀಪ ಹಸಿರಾಗುತ್ತಿತ್ತು, ಸರಿಹೋಯಿತು ಎಂದುಕೊಳ್ಳುತ್ತಿದ್ದೆ. ಹೀಗೆ ಮೂರು ವಾರ ಕಳೆಯಿತು.

ಆಗ ಮೈಸೂರಿನಿಂದ ಮಾವನವರು ಬಂದಿದ್ದರು. ಬೆಳಗಿನ ವಾಕಿಂಗ್ ಮುಗಿಸಿ ಗ್ಯಾರೇಜಿನ ಮೂಲಕ ಒಳಗೆ ಬರುವಾಗ ದಿನಾ ನೋಡುತ್ತಿದ್ದರು. "ನೋಡಿ ಅಳಿಯಂದ್ರೆ, ಇಬ್ಬನಿ ಬಿದ್ದ ದಿನ ಮಾತ್ರ ಇದು ಕೆಂಪಗಾಗುತ್ತೆ. ಮೇಲೆ ಎಲ್ಲೋ ನೀರು ತಾಗ್ತಿದೆ, ಯಾರನ್ನಾದರೂ ಕರೆಸಿ" ಎಂದರು. ಮೊದಲು ಪ್ಯಾನೆಲ್ ಹಾಕಿದ್ದ ಕಂಪನಿಯ ಫೋನ್ ನಂಬರ್ ಚಾಲ್ತಿಯಲ್ಲಿರಲಿಲ್ಲ. ಬೇರೊಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಎರಡು ಪ್ಯಾನೆಲ್ ಎತ್ತಿ ತೋರಿಸಿದರು. ಅಳಿಲು ಕಡಿದು ವೈರಿನ ತಾಮ್ರ ಹೊರಗೆ ಬಂದಿತ್ತು, ಅದು ಅಲ್ಯೂಮಿನಿಯಂ ಪಟ್ಟಿಗೆ ಒರಗಿಕೊಂಡಿತ್ತು. ಪಕ್ಕದಲ್ಲೇ ಒಂದು ಕನೆಕ್ಟರ್‌ನ ಪ್ಲಾಸ್ಟಿಕ್ ಬಿಸಿಗೆ ಕಂದಿತ್ತು. ಅದರ ಸುತ್ತ ಒಣಗಿದ ಮೇಪಲ್ ಎಲೆಗಳು, ಅಳಿಲಿನ ಗೂಡಿನ ಕಡ್ಡಿಗಳು. ನೇರವಾಗಿ ಕೆಳಗಿದ್ದದ್ದು ನಮ್ಮ ಮಗಳ ಕೋಣೆ.

ಅನೇಕ ಇನ್ವರ್ಟರ್‌ಗಳು ಪ್ರತಿದಿನ ಬೆಳಗ್ಗೆ ಕೆಲಸ ಶುರುಮಾಡುವ ಮೊದಲು ವೈರುಗಳಿಂದ ಕರೆಂಟು ನೆಲಕ್ಕೆ ಸೋರುತ್ತಿದೆಯೇ ಎಂದು ಪರೀಕ್ಷಿಸುತ್ತವೆ. ಇಬ್ಬನಿಯಲ್ಲಿ ಸೋರಿಕೆ ಹೆಚ್ಚು, ಬಿಸಿಲಿಗೆ ಒಣಗಿದ ಮೇಲೆ ಕಡಿಮೆ. ಅಂದರೆ ನಾನು ಮೂರು ವಾರ ಅಳಿಸಿಹಾಕುತ್ತಿದ್ದದ್ದು ಯಂತ್ರ ಕೊಡುತ್ತಿದ್ದ ಎಚ್ಚರಿಕೆಯನ್ನೇ!

ಸ್ವಿಚ್ ಆಫ್ ಮಾಡಿದರೂ ನಿಲ್ಲದ ಕರೆಂಟು

ಮನೆಯ ಮಿಕ್ಕ ವೈರಿಂಗ್‌ಗೂ ಸೋಲಾರ್‌ಗೂ ಇರುವ ಮುಖ್ಯ ವ್ಯತ್ಯಾಸ ಇಷ್ಟು. ಮೇನ್ ಬ್ರೇಕರ್ ಆಫ್ ಮಾಡಿದರೆ ಮನೆಯೊಳಗಿನ ಕರೆಂಟು ನಿಲ್ಲುತ್ತದೆ. ಬಿಸಿಲಿರುವವರೆಗೆ ಪ್ಯಾನೆಲ್ ತಯಾರಿಸುವ ಕರೆಂಟನ್ನು ಅದು ನಿಲ್ಲಿಸುವುದಿಲ್ಲ. ಒಂದೊಂದು ಪ್ಯಾನೆಲ್ 30ರಿಂದ 40 ವೋಲ್ಟ್ ಕೊಟ್ಟರೂ, ಹತ್ತನ್ನು ಸಾಲಾಗಿ ಜೋಡಿಸಿದಾಗ 300-400 ವೋಲ್ಟ್ ಆಗುತ್ತದೆ. ಚಳಿ ಹೆಚ್ಚಿದಷ್ಟೂ ಪ್ಯಾನೆಲ್‌ನ ವೋಲ್ಟೇಜ್ ಏರುತ್ತದೆ. ಹಾಗಾಗಿ ಜನವರಿಯ ಮೈನಸ್ 20 ಡಿಗ್ರಿಯ ನಿಚ್ಚಳ ಬೆಳಗಿನಲ್ಲಿ ಅದು ಅತಿ ಹೆಚ್ಚು.

ಇನ್ನೊಂದು ವಿಷಯ: ಇದು ಡಿಸಿ. ಮನೆಯ 60 ಹರ್ಟ್ಸ್ ಎಸಿ ಕರೆಂಟು ಸೆಕೆಂಡಿಗೆ 120 ಬಾರಿ ಸೊನ್ನೆಗೆ ಬಂದುಹೋಗುತ್ತದೆ, ಆದ್ದರಿಂದ ಸಡಿಲ ಜಾಗದಲ್ಲಿ ಹುಟ್ಟಿದ ಕಿಡಿ ಆರಿಹೋಗಲು ಅವಕಾಶವಿದೆ. ಡಿಸಿಯಲ್ಲಿ ಆ ಬಿಡುವಿಲ್ಲ. ಒಮ್ಮೆ ಹುಟ್ಟಿದ ಕಿಡಿ, ಅಂದರೆ ಆರ್ಕ್, ಉರಿಯುತ್ತಲೇ ಇರಬಹುದು.

ಬೇರೆ ಕಡೆ ಏನಾಗಿದೆ?

2009ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ದೊಡ್ಡ ಅಂಗಡಿಯೊಂದರ ಛಾವಣಿಯ ಮೇಲಿದ್ದ 383 ಕಿಲೋವ್ಯಾಟ್ ಸೋಲಾರ್‌ಗೆ ಬೆಂಕಿ ಬಿತ್ತು. ಮೊದಲು ಒಂದು ಸಣ್ಣ ವೈರು ನೆಲಕ್ಕೆ ತಗುಲಿಕೊಂಡಿತ್ತು. ಸೋರಿಕೆ ಕಡಿಮೆ ಇದ್ದುದರಿಂದ ರಕ್ಷಣೆಯ ಫ್ಯೂಸ್‌ಗೆ ಅದು ಗೊತ್ತೇ ಆಗಲಿಲ್ಲ. ಆಮೇಲೆ ಇನ್ನೊಂದು ಕಡೆ ದೊಡ್ಡ ವೈರು ತಗುಲಿದಾಗ ಎರಡೂ ಸೇರಿ ಭಾರಿ ಕರೆಂಟು ಹರಿಯಿತು. ನಮ್ಮ ಮನೆಯಲ್ಲಿ ಆಗಿದ್ದದ್ದು ಅಂಥದೇ ಮೊದಲ ಹಂತ, ಎರಡನೆಯದು ಆಗಲಿಲ್ಲ ಅಷ್ಟೆ.

2013ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಡೆಲಾಂಕೊದಲ್ಲಿ ಒಂದು ಆಹಾರ ಗೋದಾಮು ಸುಟ್ಟುಹೋಯಿತು. ಛಾವಣಿಯ ಮೇಲೆ 7,000ಕ್ಕೂ ಹೆಚ್ಚು ಪ್ಯಾನೆಲ್‌ಗಳಿದ್ದವು. ಷಾಕ್ ಹೊಡೆಯುವ ಭಯದಿಂದ ಅಗ್ನಿಶಾಮಕ ದಳಕ್ಕೆ ಬೆಂಕಿ ಆರಿಸುವುದು ಬಹಳ ಕಷ್ಟವಾಯಿತು. ಆಸ್ಟ್ರೇಲಿಯಾದಲ್ಲಂತೂ ರಕ್ಷಣೆಗೆಂದು ಛಾವಣಿಯ ಮೇಲೆ ಕಡ್ಡಾಯ ಮಾಡಿದ್ದ ಡಿಸಿ ಸ್ವಿಚ್‌ಗಳೊಳಗೆ ನೀರು ಸೇರಿ ಅವೇ ಬೆಂಕಿಗೆ ಕಾರಣವಾದವು. 2021ರ ಹೊಸ ನಿಯಮದಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದರು.

ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಲೆಕ್ಕದಂತೆ ಆ ದೇಶದಲ್ಲಿ ದೊಡ್ಡ ಹಾನಿಯ ಬೆಂಕಿಗೆ ಕಾರಣವಾದದ್ದು ಶೇ. 0.006ರಷ್ಟು ಸೋಲಾರ್‌ಗಳು ಮಾತ್ರ. ತಪ್ಪು ಹೆಚ್ಚಾಗಿ ಪ್ಯಾನೆಲ್‌ನದಲ್ಲ. ಸಡಿಲ ಜೋಡಣೆ, ಹೊಂದದ ಕನೆಕ್ಟರ್, ನೀರು ಸೇರಿದ ಸ್ವಿಚ್, ಕೈತಪ್ಪಿನ ಕೆಲಸ, ಇವೇ ಕಾರಣ. ಅಂದರೆ ತಡೆಯಬಹುದಾದದ್ದೇ ಹೆಚ್ಚು.

ಹಳೆಯ ಮೈಕ್ರೋಫಿಟ್ ಮನೆಯವರು ಗಮನಿಸಿ

ಒಂಟಾರಿಯೊದಲ್ಲಿ ಮೈಕ್ರೋಫಿಟ್ ಯೋಜನೆ 2009ರಲ್ಲಿ ಶುರುವಾಯಿತು. 10 ಕಿಲೋವ್ಯಾಟ್‌ವರೆಗಿನ ಛಾವಣಿ ಸೋಲಾರ್‌ಗೆ ಆಗ ಯೂನಿಟ್‌ಗೆ 80.2 ಸೆಂಟ್, ಅದೂ 20 ವರ್ಷದ ಕರಾರು! ದರ ಇಳಿಯುತ್ತಾ ಬಂದು 2017ರ ಕೊನೆಗೆ ಯೋಜನೆ ಮುಗಿಯಿತು. ಆದರೆ ಪ್ಯಾನೆಲ್‌ಗಳು ಇನ್ನೂ ಛಾವಣಿಯ ಮೇಲಿವೆ, ಮೊದಲ ಕರಾರುಗಳು 2030ರ ಸುಮಾರಿಗೆ ಮುಗಿಯುತ್ತವೆ. ನಮ್ಮವರಲ್ಲಿ ಅನೇಕರು ಇಂಥ ಮನೆಗಳ ಎರಡನೆಯ ಅಥವಾ ಮೂರನೆಯ ಮಾಲೀಕರು.

ಈ ಹಳೆಯ ಸೋಲಾರ್‌ಗಳಲ್ಲಿ ಎರಡು ಕೊರತೆಗಳಿರಬಹುದು. ಒಂದು, ಆರ್ಕ್ ಹುಟ್ಟಿದರೆ ಗುರುತಿಸಿ ನಿಲ್ಲಿಸುವ ವ್ಯವಸ್ಥೆ. ಎರಡು, 'ರ‍್ಯಾಪಿಡ್ ಶಟ್‌ಡೌನ್'. ಇದು ಕೆನಡಾದ ವಿದ್ಯುತ್ ಕೋಡ್‌ಗೆ ಸೇರಿದ್ದು 2018ರ ಆವೃತ್ತಿಯಲ್ಲಿ. ಅದರ ಪ್ರಕಾರ ಸ್ವಿಚ್ ಒತ್ತಿದ 30 ಸೆಕೆಂಡಿನೊಳಗೆ, ಪ್ಯಾನೆಲ್ ಸಾಲಿನಿಂದ ಒಂದು ಮೀಟರ್ ಆಚೆಗಿನ ವೈರುಗಳಲ್ಲಿ ವೋಲ್ಟೇಜ್ 30ಕ್ಕಿಂತ ಕೆಳಗಿಳಿಯಬೇಕು. ಅದಕ್ಕಿಂತ ಹಿಂದೆ ಹಾಕಿಸಿದ್ದಕ್ಕೆ ಈ ಸೌಲಭ್ಯ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಇನ್ವರ್ಟರ್ ಬದಲಿಸುವ ಕಾಲ ಬಂದಾಗ ಇವೆರಡನ್ನೂ ಸೇರಿಸಿಕೊಳ್ಳುವುದು ಜಾಣತನ.

ಇನ್ನೊಂದು ಅಪಾಯದ ಸಮಯ ಶಿಂಗಲ್ ಬದಲಿಸುವಾಗ. ಆಗ ಪ್ಯಾನೆಲ್‌ಗಳನ್ನು ಕೆಳಗಿಳಿಸಿ ಮತ್ತೆ ಜೋಡಿಸುತ್ತಾರೆ. ಈ ಕೆಲಸವನ್ನು ಛಾವಣಿಯವರ ಕೈಗೇ ಬಿಟ್ಟುಬಿಡಬೇಡಿ. ಕನೆಕ್ಟರ್ ಬಿಚ್ಚಿ ಹಾಕುವುದು ಎಲೆಕ್ಟ್ರಿಷಿಯನ್‌ನ ಕೆಲಸ.

ಹೊಸದಾಗಿ ಹಾಕಿಸುವವರಿಗೆ

1. ಒಂಟಾರಿಯೊದಲ್ಲಿ ವಿದ್ಯುತ್ ಸುರಕ್ಷತೆ ನೋಡಿಕೊಳ್ಳುವುದು ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿ, ಅಂದರೆ ಇಎಸ್‌ಎ. ಕಂಟ್ರಾಕ್ಟರ್‌ಗೆ ಅದರ ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರನ್ನು ಇಎಸ್‌ಎ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಿ. ಮನೆ ಬಾಗಿಲಿಗೆ ಬಂದು "ಇವತ್ತೇ ಸಹಿ ಮಾಡಿದರೆ ರಿಯಾಯಿತಿ" ಎನ್ನುವವರ ಮುಂದೆ ಆತುರ ಬೇಡ.

2. ಕೆಲಸಕ್ಕೆ ಇಎಸ್‌ಎಗೆ ಮುಂಚಿತವಾಗಿ ತಿಳಿಸಿದ ಕಾಗದ, ಮುಗಿದ ಮೇಲೆ ತಪಾಸಣೆಯ ಪ್ರಮಾಣಪತ್ರ, ಎರಡನ್ನೂ ಕೇಳಿ ಪಡೆಯಿರಿ. ಮನೆಯ ವಿಮೆ ಕಂಪನಿಗೂ ತಿಳಿಸಿ.

3. ಒಂದು ಕನೆಕ್ಟರ್‌ನ ಎರಡು ತುದಿಗಳೂ ಒಂದೇ ಕಂಪನಿಯ, ಒಂದೇ ಬಗೆಯವಾಗಿರಬೇಕು. ಬೇರೆ ಬೇರೆ ಕಂಪನಿಯವು ಹೊರನೋಟಕ್ಕೆ ಕೂತಂತೆ ಕಂಡರೂ ಒಳಗೆ ಸರಿಯಾಗಿ ಹಿಡಿಯದೆ ಬಿಸಿಯಾಗುತ್ತವೆ.

4. ವೈರುಗಳು ಶಿಂಗಲ್‌ಗೆ ತಾಗುವಂತೆ ಜೋಲಬಾರದು. ಮಾಮೂಲಿ ಪ್ಲಾಸ್ಟಿಕ್ ಟೈಗಳು ಬಿಸಿಲು ಚಳಿಗೆ ಕೆಲವೇ ವರ್ಷಗಳಲ್ಲಿ ಮುರಿಯುತ್ತವೆ. ಸ್ಟೀಲ್ ಕ್ಲಿಪ್ ಹಾಕಿಸಿ.

5. ಪ್ಯಾನೆಲ್ ಸಾಲಿನ ಸುತ್ತ ಅಳಿಲು ನುಗ್ಗದಂತೆ ತಂತಿಬಲೆ ಹಾಕಿಸಿ. ಗ್ರೇಟರ್ ಟೊರಾಂಟೊದಲ್ಲಿ ಇದು ಅನಗತ್ಯ ಖರ್ಚಲ್ಲ!

6. ಛಾವಣಿಯ ಅಂಚು ಮತ್ತು ನೆತ್ತಿಯವರೆಗೂ ಪ್ಯಾನೆಲ್ ತುಂಬಿಸಬೇಡಿ. ಬೆಂಕಿಯವರಿಗೆ ಹತ್ತಿ ಓಡಾಡಲು ದಾರಿ ಬೇಕು.

7. ಬ್ಯಾಟರಿಯೂ ಬೇಕೆನಿಸಿದರೆ ಕೆನಡಾದ ಪ್ರಮಾಣಮುದ್ರೆ ಇರುವುದನ್ನೇ ಕೊಳ್ಳಿ. ಮಲಗುವ ಕೋಣೆ, ಮೆಟ್ಟಿಲ ಕೆಳಗಿನ ಜಾಗ, ಹೊರಗೆ ಓಡುವ ದಾರಿ, ಇವು ಅದರ ಜಾಗವಲ್ಲ.

ಮನೆಯವರು ತಾವೇ ಮಾಡಬಹುದಾದದ್ದು

ವಾರಕ್ಕೊಮ್ಮೆ ಇನ್ವರ್ಟರ್ ದೀಪ ನೋಡಿ. ಗ್ರೌಂಡ್ ಫಾಲ್ಟ್, ಐಸೊಲೇಷನ್ ಅಥವಾ ಆರ್ಕ್ ಎಂಬ ಸೂಚನೆ ಬಂದರೆ ಫೋಟೊ ತೆಗೆದಿಡಿ, ಸಮಯ ಬರೆದಿಡಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಪದೇ ಪದೇ ರೀಸೆಟ್ ಮಾಡಬೇಡಿ. ಇನ್ವರ್ಟರ್ ಕೆಳಗೆ ರಟ್ಟಿನ ಪೆಟ್ಟಿಗೆ, ಪೇಂಟ್ ಡಬ್ಬ, ಪ್ರೊಪೇನ್ ಸಿಲಿಂಡರ್ ಇಡಬೇಡಿ. ಎಲೆ ಉದುರಿದ ಮೇಲೆ ನೆಲದಿಂದಲೇ ದುರ್ಬೀನು ಹಿಡಿದು ಪ್ಯಾನೆಲ್ ಅಡಿ ಕಸ ಸೇರಿದೆಯೇ ನೋಡಿ. ಲೋಹದ ಕೋಲಿನಿಂದ ಹಿಮ ಕೆರೆಯಬೇಡಿ. ಗಾಜು ಬಿರುಕು ಬಿಟ್ಟರೆ ಅಲ್ಲಿಂದಲೇ ನೀರು ಒಳಗೆ ಹೋಗುತ್ತದೆ. ದೊಡ್ಡ ಗಾಳಿಯ ನಂತರ ಒಮ್ಮೆ ಪರೀಕ್ಷೆ ಮಾಡಿಸಿ. 2022ರ ಮೇ 21ರ ಬಿರುಗಾಳಿ ನಮ್ಮ ಪಕ್ಕದ ಅಕ್ಸ್‌ಬ್ರಿಜ್‌ನಲ್ಲಿ ಮಾಡಿದ ಹಾನಿ ಎಲ್ಲರಿಗೂ ನೆನಪಿರಬೇಕು.

ಹೊಗೆ ಅಲಾರಂ ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹೊರಗೂ ಇರಬೇಕೆಂಬುದು ಒಂಟಾರಿಯೊದ ಕಾನೂನು. ಹತ್ತು ವರ್ಷ ಆಗಿದ್ದರೆ ಬದಲಿಸಿ. ಛಾವಣಿಯ ಬೆಂಕಿ ಮೇಲಿನಿಂದ ಇಳಿಯುತ್ತದೆ, ಕೆಳಗಿನವರಿಗೆ ತಡವಾಗಿ ಗೊತ್ತಾಗುತ್ತದೆ.

ಬೆಂಕಿ ಅಥವಾ ಹೊಗೆ ಕಂಡರೆ

ಮೊದಲು ಎಲ್ಲರೂ ಹೊರಗೆ ಬನ್ನಿ. ಆಮೇಲೆ 911ಕ್ಕೆ ಫೋನ್ ಮಾಡಿ, "ಮನೆಯ ಮೇಲೆ ಸೋಲಾರ್ ಇದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಬ್ಯಾಟರಿ ಇದ್ದರೆ ಅದನ್ನೂ ಹೇಳಿ. ಹೊರಗೆ, ಮೀಟರ್ ಹತ್ತಿರ ಶಟ್‌ಡೌನ್ ಸ್ವಿಚ್ ಇದ್ದು ಅಪಾಯವಿಲ್ಲದೆ ತಲುಪಬಹುದಾದರೆ ಮಾತ್ರ ಒತ್ತಿ. ಪೈಪಿನಿಂದ ನೀರು ಹೊಡೆಯಬೇಡಿ, ಏಣಿ ಹಾಕಬೇಡಿ. ರಾತ್ರಿಯಾಗಿದೆ, ಕರೆಂಟಿಲ್ಲ ಎಂದೂ ತಿಳಿಯಬೇಡಿ. ಬೆಂಕಿಯ ಬೆಳಕು, ಅಗ್ನಿಶಾಮಕ ವಾಹನದ ದೊಡ್ಡ ದೀಪ ಬಿದ್ದರೂ ಪ್ಯಾನೆಲ್ ಅಪಾಯಕಾರಿ ಕರೆಂಟು ಕೊಡಬಲ್ಲದು ಎಂದು ಅಮೆರಿಕದ ಯುಎಲ್ ಸಂಸ್ಥೆ 2011ರ ಪ್ರಯೋಗಗಳಲ್ಲಿ ಕಂಡುಕೊಂಡಿದೆ. ಬೆಂಕಿ ಆರಿದ ಮೇಲೂ ಒಡೆದ ಪ್ಯಾನೆಲ್ ಮುಟ್ಟಬಾರದು.

ಊರಿನ ಮನೆಗೂ ಇದೇ ಮಾತು

ಭಾರತದಲ್ಲಿ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ನಮ್ಮಲ್ಲಿ ಅನೇಕರು ಇಲ್ಲಿಂದಲೇ ಹಣ ಕಳಿಸಿ ಅಪ್ಪ ಅಮ್ಮನ ಮನೆಗೆ ಪ್ಯಾನೆಲ್ ಹಾಕಿಸುತ್ತಿದ್ದಾರೆ. ಅಲ್ಲಿ ತಾರಸಿ ಕಾಂಕ್ರೀಟಿನದಾದರೂ ಇನ್ವರ್ಟರ್ ಇರುವುದು ಮೆಟ್ಟಿಲ ಬಳಿ, ವೈರು ಇಳಿಯುವುದು ಮನೆಯೊಳಗೆ. ಅಳಿಲಿನ ಬದಲು ಇಲಿ, ಕೋತಿ. ವೈರು ಪೈಪಿನೊಳಗೆ ಹೋಗಿದೆಯೇ, ಅರ್ತಿಂಗ್ ಸರಿಯಿದೆಯೇ, ಪ್ಯಾನೆಲ್ ಅಡಿ ತೆಂಗಿನ ಗರಿ, ಹಳೆಯ ಪೇಪರ್ ರಾಶಿ ಹಾಕಿದ್ದಾರೆಯೇ ಎಂದು ಮುಂದಿನ ವಿಡಿಯೋ ಕಾಲ್‌ನಲ್ಲಿ ಒಮ್ಮೆ ಕೇಳಿ.

ನಮ್ಮ ಮನೆಯ ವೈರು, ಕನೆಕ್ಟರ್ ಬದಲಿಸಿ, ಬಲೆ ಹಾಕಿಸಿ, ಇಎಸ್‌ಎ ತಪಾಸಣೆಯೂ ಮುಗಿದಿದೆ. ಮಾವನವರು ಮೈಸೂರಿಗೆ ವಾಪಸಾದರೂ ಭಾನುವಾರದ ಫೋನಿನಲ್ಲಿ ಮೊಮ್ಮಗಳ ಕ್ಷೇಮ ವಿಚಾರಿಸಿದ ಮೇಲೆ ಅವರ ಎರಡನೆಯ ಪ್ರಶ್ನೆ ಈಗಲೂ "ದೀಪ ಹಸಿರಾಗಿದೆ ತಾನೇ?" ಎಂದು. ಈ ಲೇಖನ ಓದಿ ಮುಗಿಸಿದವರು ಎದ್ದು ಹೋಗಿ ತಮ್ಮ ಇನ್ವರ್ಟರ್ ದೀಪ ಒಮ್ಮೆ ನೋಡಿ ಬಂದರೆ ಬರೆದದ್ದು ಸಾರ್ಥಕ.