ಹೊಸಿಲು ಹೋದ ಮನೆಗೆ ಬಂದ ಮರದ ನೆಲ

ಮನೆಗೆ ಮರದ ನೆಲ ಹಾಸಿಸುವುದು ಈಚಿನ ಆಸೆ. ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೋಣೆ ತುಂಬುವುದು ಸುಲಭ. ಕೆಲಸದವರು ತಡೆದು ನಿಲ್ಲುವುದು ಬಾಗಿಲಲ್ಲಿ. ಕೋಣೆಯ ಮರ ಮುಗಿದು ಹಜಾರದ ಟೈಲ್ಸ್ ಶುರುವಾಗುವ ಆ ನಾಲ್ಕು ಬೆರಳಿನ ಜಾಗಕ್ಕೆ ಏನು ಮಾಡಬೇಕು? ಅಂಗಡಿಯವರು ಒಂದು ಪಟ್ಟಿ ಕೊಡುತ್ತಾರೆ. ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಅಲ್ಲಿ ಹೊಸಿಲಿತ್ತು.

ಕುಣಿಗಲ್, ಗುಬ್ಬಿ ಸೀಮೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಬಾಗಿಲವಾಡಕ್ಕೆ ನಾಲ್ಕು ಮರ. ಎರಡು ನಿಲುವು, ಮೇಲೊಂದು ಅಡ್ಡ, ಕೆಳಗೆ ಹೊಸಿಲು. ಈ ನಾಲ್ಕನೆಯದು ಇಲ್ಲದಿದ್ದರೆ ಗೋಡೆಯ ಭಾರಕ್ಕೆ ನಿಲುವುಗಳು ಒಳಕ್ಕೆ ಬಾಗಿ ಕದ ಕಚ್ಚಿಕೊಳ್ಳುತ್ತದೆ. ಸಗಣಿ ಸಾರಿಸುವಾಗ ನೀರು ಪಕ್ಕದ ಕೋಣೆಗೆ ಹರಿಯದಂತೆ ತಡೆಯುತ್ತಿದ್ದುದೂ ಅದೇ. ಮಳೆಗಾಲದಲ್ಲಿ ಅಂಗಳದ ನೀರು, ರಾತ್ರಿ ಹೊತ್ತು ಚೇಳು ಒಳಬಾರದಂತೆ ಅಡ್ಡ ನಿಲ್ಲುತ್ತಿದ್ದುದೂ ಅದೇ. ಮಾರ್ಕೋನಹಳ್ಳಿ ಜಲಾಶಯ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಶಿಂಷಾ ನದಿಗೆ ಕಟ್ಟಿದ ಆ ಅಣೆಕಟ್ಟೆಯ ಸೈಫನ್‌ಗಳು, ನೀರು ಗೊತ್ತಾದ ಮಟ್ಟ ದಾಟಿದೊಡನೆ ಯಾರೂ ಗೇಟು ಎತ್ತದೆಯೇ ಹೊರಚೆಲ್ಲುತ್ತವೆ. ಅದೂ ಒಂದು ಬಗೆಯ ಹೊಸಿಲೇ.

ಶಿಲ್ಪಶಾಸ್ತ್ರದಲ್ಲಿ ಹೊಸಿಲಿಗೆ ಉದುಂಬರ ಎಂದು ಹೆಸರು. ಅತ್ತಿಮರಕ್ಕೂ ಅದೇ ಹೆಸರು. ನರಸಿಂಹ ಹಿರಣ್ಯಕಶಿಪುವನ್ನು ಕೊಂದದ್ದು ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸಿಲ ಮೇಲೆ. ಸೊಸೆ ಸೇರಕ್ಕಿ ಒದ್ದು ಮನೆ ತುಂಬುವುದೂ ಅಲ್ಲಿಯೇ. ಮಾರ್ಗಶಿರದ ಹುಣ್ಣಿಮೆಗೆ ಹೊಸ್ತಿಲ ಹುಣ್ಣಿಮೆ ಎಂದೇ ಹೆಸರಾಗಿದೆ. ದಿನವೂ ತೊಳೆದು ಅರಿಸಿನ ಹಚ್ಚುವವರ ಕಣ್ಣಿಗೆ ಗೆದ್ದಲಿನ ಮಣ್ಣು ಬೀಳದೇ ಇರುತ್ತಿರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬಹುದು.

ಗೆದ್ದಲಿನ ಕಾರಣದಿಂದಲೇ ನಮ್ಮ ಬಯಲುಸೀಮೆಯಲ್ಲಿ ಮರ ನೆಲಕ್ಕಿಳಿಯಲಿಲ್ಲ. ಹಲಗೆ ಹಾಸಿದ್ದು ಅಟ್ಟಕ್ಕೆ, ಮಹಡಿಗೆ. ಹೈದರಾಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಬೆಂಗಳೂರಿನ ಬೇಸಿಗೆ ಅರಮನೆಯಲ್ಲಿ ತೇಗದ ಕಂಬ, ತೊಲೆಗಳನ್ನು ಇಂದಿಗೂ ಕಾಣಬಹುದು. ಆದರೆ ಮರಕ್ಕೆ ಬೆಂಕಿಯ ಭಯವೂ ಉಂಟು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಈಗಿನ ಅರಮನೆಗೆ ಕಲ್ಲು, ಇಟ್ಟಿಗೆ, ಕಬ್ಬಿಣವೇ ಆಧಾರ.

ಜನಸಾಮಾನ್ಯರ ನೆಲ ಮಾತ್ರ ಬೇರೆ ದಾರಿ ಹಿಡಿಯಿತು. ಸಗಣಿಯ ನೆಲ, ಉಳ್ಳವರಿಗೆ ಸುಣ್ಣದ ಗಾರೆ, ಆಮೇಲೆ ಸಿಮೆಂಟಿಗೆ ಬಣ್ಣ ಬೆರೆಸಿ ಉಜ್ಜಿದ ರೆಡ್ ಆಕ್ಸೈಡ್, ಶಹಾಬಾದ್ ಕಲ್ಲು, ಮೊಸಾಯಿಕ್, ಕೊನೆಗೆ ಟೈಲ್ಸ್. ಇಟ್ಟಿಗೆ, ಕಾಂಕ್ರೀಟಿನ ಲಿಂಟಲ್ ಬಂದ ಮೇಲೆ ಗೋಡೆಯ ಭಾರ ಬಾಗಿಲವಾಡದ ಮೇಲೆ ಬೀಳುವುದು ತಪ್ಪಿತು. ಒಳಕೋಣೆಗಳ ಹೊಸಿಲಿಗೆ ಕೆಲಸವಿಲ್ಲದಂತಾಯಿತು. ಮರದ ಬೆಲೆ ಏರುತ್ತಿದ್ದಾಗ ನಾಲ್ಕನೆಯ ತುಂಡು ಬಿಡುವುದು ಲಾಭವೂ ಹೌದು. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಕಾಲೆತ್ತಲಾರದ ಅಜ್ಜಿಯರಿಗೆ ಇದರಿಂದ ಅನುಕೂಲವಾಯಿತು. ಇದಕ್ಕಾಗಿ ಯಾರೂ ಕೊರಗಬೇಕಿಲ್ಲ.

ಆದರೆ ಮರ ಸುಮ್ಮನೆ ಮಲಗುವ ವಸ್ತುವಲ್ಲ. ಮಳೆಗಾಲದ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರದ ಪುಡಿ ಒತ್ತಿ ಮಾಡಿದ ಲ್ಯಾಮಿನೇಟ್ ಹಲಗೆಯ ಸ್ವಭಾವವೂ ಇದೇ. ಅದಕ್ಕೇ ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ಜಾಗ ಬಿಡುತ್ತಾರೆ. ಬಾಗಿಲಲ್ಲಿಯೂ ಹಲಗೆಯನ್ನು ತುಂಡರಿಸಿ ಸಂದು ಬಿಡಬೇಕು. ಬಿಡದೆ ಎರಡು ಕೋಣೆಗೂ ಒಂದೇ ಹಾಸು ಎಳೆದರೆ ನೆಲ ಉಬ್ಬಿ ಏಳಬಹುದು. ಆ ಸಂದನ್ನು ಮುಚ್ಚುವುದೇ ಅಂಗಡಿಯವರ ಪಟ್ಟಿ. ಎರಡೂ ಕಡೆ ಒಂದೇ ಎತ್ತರವಿದ್ದರೆ ಇಂಗ್ಲಿಷಿನ ಟಿ ಅಕ್ಷರದಂಥದ್ದು, ಏರುತಗ್ಗಿದ್ದರೆ ಇಳಿಜಾರಿನದು. ಮೊಳೆಯಾಗಲಿ ಅಂಟಾಗಲಿ ಕೆಳಗಿನ ನೆಲಕ್ಕೆ ಹಿಡಿಯಬೇಕೇ ಹೊರತು ಹಲಗೆಗಲ್ಲ. ಹಲಗೆ ಅದರಡಿ ಸರಿದಾಡುತ್ತಿರಬೇಕು. ಇಳಿಜಾರಿನ ಪಟ್ಟಿ ಬೇಕಾದ ಕಡೆ ಹಣ ಉಳಿಸಲು ಚಪ್ಪಟೆ ಪಟ್ಟಿ ಹೊಡೆಸಿದರೆ ಅದರ ಏಣು ಕಾಲ್ಬೆರಳಿಗೆ ತಾಗುತ್ತದೆ. ಹೊಸಿಲು ಇರುವುದನ್ನು ಬಲ್ಲ ಕಾಲು ತಾನಾಗಿ ಏಳುತ್ತದೆ. ಅರ್ಧ ಅಂಗುಲದ ಏಣನ್ನು ಯಾರೂ ನಿರೀಕ್ಷಿಸುವುದಿಲ್ಲ.

ಹಳೆಯ ಮನೆಗೆ ಹೊಸ ನೆಲ ಹಾಸಿಸುವವರು ಇನ್ನೊಂದು ಎಚ್ಚರ ವಹಿಸುವುದು ಒಳ್ಳೆಯದು. ನೆಲ ಸಮವಾಗಲಿ ಎಂದು ಹೊಸಿಲನ್ನು ಕೊಯ್ಯಿಸಿದರೆ, ಮಣ್ಣಿನ ಗೋಡೆಯಲ್ಲಿ ನಿಲುವುಗಳನ್ನು ಕೆಳಗೆ ಹಿಡಿದಿಟ್ಟಿದ್ದ ಮರವನ್ನೇ ತೆಗೆದಂತೆ. ಅದನ್ನು ಹಾಗೆಯೇ ಉಳಿಸಿ, ಗೋಡೆಗೆ ಬಿಟ್ಟಷ್ಟೇ ಸಂದನ್ನು ಅದಕ್ಕೂ ಬಿಟ್ಟು ಹಲಗೆ ನಿಲ್ಲಿಸಿದರೆ ಸಾಕು. ಸಂದು ಮುಚ್ಚಲು ತೆಳುವಾದ ಮರದ ಪಟ್ಟಿಯೊಂದನ್ನು ಹೊಸಿಲ ಬದಿಗೆ ಹೊಡೆಯಬಹುದು. ನೆಲ ಏರಿದಷ್ಟು ಕದದ ಅಡಿಯನ್ನು ಮಾತ್ರ ಬಡಗಿ ಹತ್ತರಿ ಹೊಡೆದು ತಗ್ಗಿಸಬೇಕಾಗುತ್ತದೆ.